ಇಂಥವರು ಇಲ್ಲಿ ವಾಸವಿಲ್ಲ

ಬುಧವಾರ, ಮಧ್ಯಾಹ್ನ

ಸಿಟ್ಟು ಮಾಡಿಕೊಂಡಿರುವ ನನ್ನ ಪುಟ್ಟಿಗೆ, ಅಮ್ಮನ ಮುದ್ದು.

ಫೋನಿನಲ್ಲಿ ನೀನು ಬೈದದ್ದು ಸರಿಯೇ. ಮೇಲಿನ ಮನೆಯ ದಂತವೈದ್ಯರ ಬಚ್ಚಲ ನೀರು ನಮ್ಮ ಅಡುಗೆಮನೆಗೆ ಸೋರಿ ಎರಡು ವರ್ಷವಾಯಿತು. ನ್ಯಾಯಮಂಡಳಿಗೆ ದೂರು ಕೊಟ್ಟವಳು ನಾನು, ಎರಡು ವಿಚಾರಣೆಗೂ ಹೋಗದವಳೂ ನಾನೇ. ದೂರು ವಜಾ ಆಯಿತು. ಅವರ ವಕೀಲರ ಖರ್ಚನ್ನೆಲ್ಲ ನಾನೇ ಕೊಡಬೇಕೆಂದು ಆದೇಶವೂ ಬಂತು. ಕೊಡದಿದ್ದರೆ ಅಂಗಡಿಯ ಹೊಲಿಗೆ ಯಂತ್ರ ಜಪ್ತಿ ಮಾಡುತ್ತಾರಂತೆ. ಸೋರುವುದು ಮಾತ್ರ ನಿಂತಿಲ್ಲ, ಒಲೆಯ ಮುಂದೆ ಕೊಡೆ ಹಿಡಿದು ನಿಲ್ಲುವುದೊಂದು ಬಾಕಿ.

ಯಾಕೆ ಹೋಗಲಿಲ್ಲ ಎಂದು ಕೇಳಿದಾಗ ಅಂಗಡಿಯಲ್ಲಿ ಕೆಲಸ ಜಾಸ್ತಿ ಇತ್ತು ಅಂತ ಹೇಳಿ ಜಾರಿಕೊಂಡೆ. ಅದು ಸುಳ್ಳು. ನೋಟಿಸು ನನ್ನ ಕೈಗೆ ಸೇರಲೇ ಇಲ್ಲ.

ಆದೇಶ ಬಂದ ಮೇಲೆ ನಾನೂ ಒಬ್ಬ ವಕೀಲರನ್ನು ಹಿಡಿದೆ; ಮೊನ್ನೆ ಅವರು ಮಂಡಳಿಯ ಕಡತದಿಂದ ಎರಡು ಲಕೋಟೆ ತೆಗೆದು ತೋರಿಸಿದರು. ಎರಡರ ಹಿಂದೆಯೂ 'ಇಂಥವರು ಇಲ್ಲಿ ವಾಸವಿಲ್ಲ' ಎಂದು ಬರೆದಿತ್ತು. ಗುಂಡಗಿನ ಅಕ್ಷರ, ನಿಮ್ಮಪ್ಪನದು. ನಾನು ಅಂಗಡಿಯಲ್ಲಿದ್ದಾಗ ನೋಟಿಸು ಬಂದಿದೆ. ಮೂವತ್ತು ವರ್ಷ ಇದೇ ಬೀದಿಗಳಲ್ಲಿ ಕಾಗದ ಹಂಚಿದವರ ಮಾತೆಂದು ಹೊಸ ಅಂಚೆಯವನು ನಂಬಿ ವಾಪಸು ಒಯ್ದಿದ್ದಾನೆ. ನಾನು ಬೇಕೆಂದೇ ಸುಳ್ಳು ಬರೆಸಿ ತಪ್ಪಿಸಿಕೊಂಡೆ ಎಂದು ಮಂಡಳಿಯವರು ತಿಳಿದುಕೊಂಡರು.

ನನಗೆ ಮೈಯೆಲ್ಲ ಉರಿಯಿತು. ಮನೆಗೆ ಬಂದವಳೇ ಏನ್ರೀ ಇದು ಅಂತ ಕೇಳಿದೆ. ಆ ಹೆಸರಿನವರು ಈ ಮನೇಲಿ ಯಾರೂ ಇಲ್ವಲ್ಲಾ, ನಿಯಮದ ಪ್ರಕಾರಾನೇ ವಾಪಸ್ ಕಳಿಸಿದೀನಿ ಅಂದರು, ಒಳ್ಳೇ ಗತ್ತಿನಿಂದ. ಆಮೇಲೆ ತಾವೇ ನಮ್ಮಿಬ್ಬರಿಗೂ ತಟ್ಟೆ ಇಟ್ಟು ಊಟಕ್ಕೆ ಕರೆದರು. ಅವರಿಗೆ ನಾನು ಬೇಕು, ನನ್ನ ಹೆಸರು ಮಾತ್ರ ಮರೆತುಹೋಗಿದೆ.

ಆರು ತಿಂಗಳಿಂದ ಹೀಗೆ ಕಣೇ. ಡಾಕ್ಟರಿಗೂ ತೋರಿಸಿದೆ. ನಿನಗೆ ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಹೆದರಿಕೆ.

ಮೇಲ್ಮನವಿ ಹಾಕಿದರೆ ಆದೇಶ ರದ್ದಾಗುತ್ತದಂತೆ. ಆದರೆ ಅದರ ಜೊತೆ ನಾನು ಪ್ರಮಾಣಪತ್ರ ಬರೆದುಕೊಡಬೇಕು: ಗಂಡನಿಗೆ ನೆನಪು ಹೋಗಿದೆ, ಹೆಂಡತಿಯ ಹೆಸರೂ ತಿಳಿಯದು ಎಂದು. ಮೇಲಿನ ಮನೆಯವರು ಅದನ್ನು ಓದುತ್ತಾರೆ. ಒಂದು ಕಾಗದವನ್ನೂ ತಪ್ಪು ಬಾಗಿಲಿಗೆ ಹಾಕದ ಮನುಷ್ಯನ ಬಗ್ಗೆ ನಾನೇ ಹಾಗೆ ಬರೆಯಬೇಕು. ಶುಕ್ರವಾರ ಕೊನೆಯ ದಿನ. ಸಾಕಾಗಿಹೋಗಿದೆ ಪುಟ್ಟಿ. ನಿಮ್ಮಪ್ಪನಿಗೆ ತಿಳಿಸದೆ ಸಹಿ ಹಾಕಲು ಮನಸ್ಸು ಒಪ್ಪುತ್ತಿಲ್ಲ. ಸಂಜೆ ಆ ಪ್ರಮಾಣಪತ್ರವನ್ನು ಅವರಿಗೆ ಓದಿ ಹೇಳುತ್ತೇನೆ. ಅವರು ಬೇಡವೆಂದರೆ ಯಂತ್ರ ಹೋದರೆ ಹೋಗಲಿ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಮ್ಮ

ತಾ.ಕ.: ಗುರುವಾರ ಬೆಳಿಗ್ಗೆ. ನಿನ್ನೆ ಪೂರ್ತಿ ಓದಿ ಹೇಳಿದೆ. ಕನ್ನಡಕ ತೆಗೆದಿಟ್ಟು ಕೊನೆಯವರೆಗೂ ಕೇಳಿದರು. ಪಾಪ, ಯಾರ ಮನೆ ಹೆಂಗಸೋ, ಎಷ್ಟು ನೊಂದಿದಾಳೆ ನೋಡು ಅಂದರು. ಅವಳ ಕೆಲಸ ತಡ ಮಾಡಬೇಡ ಅಂತ ತಾವೇ ಪೆನ್ನು ತಂದುಕೊಟ್ಟರು. ಸಹಿ ಹಾಕಿದೆ.