ಸೈಕಲ್ಲಿಗೆ ಚೀಲ

ಜೂನ್ ೧೪, ಶುಕ್ರವಾರ. ಬಿಷ್ಕೆಕ್.

ಇಲ್ಲ, ಚೀಲದ ಚಿಂತೆ ಇವತ್ತೂ ತೀರಲಿಲ್ಲ. ನಾಳೆ ಬೆಳಿಗ್ಗೆ ನಾವು ಎಂಟು ಮುದುಕರು ಸರೋವರದವರೆಗೆ ಸೈಕಲ್ ತುಳಿಯಬೇಕು, ಭಾನುವಾರ ರೈಲಿನಲ್ಲಿ ವಾಪಸು. ಚಕ್ರ ಬಿಚ್ಚಿ ಬಟ್ಟೆಯ ಚೀಲದಲ್ಲಿ ಕಟ್ಟದಿದ್ದರೆ ರೈಲಿನವರು ಸೈಕಲ್ಲನ್ನು ಡಬ್ಬಿಗೆ ಹತ್ತಿಸಲು ಬಿಡುವುದಿಲ್ಲ. ಎಲ್ಲರ ಚೀಲ ಹೊಲಿಯುತ್ತಿದ್ದವಳು ನನ್ನ ಹೆಂಡತಿ ಉಲ್ಕಾನ್. ನನ್ನದು ಹರಿದಿತ್ತು. ಹೊಸದು ಹೊಲಿಯುವ ಮೊದಲೇ ಹೋಗಿಬಿಟ್ಟಳು.

ನಮ್ಮ ಎಂಟು ಜನರಲ್ಲೊಬ್ಬನಾದ ಓಮುರ್ಜಾಕ್ ಫೋನು ಮಾಡಿದ್ದ. “ಏ ಮುದುಕಪ್ಪಾ, ಸೈಕಲ್ಲಿಗೆ ಹಾಸಿಗೇನಾದ್ರೂ ಸುತ್ಕೊಂಡ್ ಬಾರೋ! ನೀನಿಲ್ದೆ ನಮಗೆ ದಾರಿ ತಪ್ಪಿಸೋರು ಯಾರು?” ನಕ್ಕೆ. ಈ ಸಲ ಹೋಗದಿದ್ದರೆ ಇನ್ನೆಂದೂ ಈ ಬಾಗಿಲು ದಾಟುವುದಿಲ್ಲ ಎಂದು ಅವನಿಗೆ ಹೇಗೆ ಹೇಳಲಿ? ಹೀಗೆ ಮುಂದೆ ದಾರಿಯಿಲ್ಲದೆ ಸಿಕ್ಕಿಕೊಳ್ಳುವುದಕ್ಕೆ ಕಾಲೇಜಿನ ಇಂಗ್ಲಿಷಿನಲ್ಲಿ ಒಂದು ಪದವಿತ್ತು. ಇಂಪಾಸಿಬಲ್ ಅಲ್ಲ, ಅದಕ್ಕಿಂತ ಚಿಕ್ಕದು. ನೆನಪಾಗುತ್ತಿಲ್ಲ.

ಮನೆಯಲ್ಲಿರುವ ದೊಡ್ಡ ಬಟ್ಟೆ ಅವಳ ಕೌದಿಯೊಂದೇ. ನಮ್ಮ ವಾಡಿಕೆಯಂತೆ ಸಾವಿನ ಮನೆಗಳಲ್ಲಿ ಬಂದವರಿಗೆ ಹರಿದು ಹಂಚಿದ ಬಟ್ಟೆಯ ತುಂಡುಗಳನ್ನು ಮೂವತ್ತು ವರ್ಷ ಕೂಡಿಸಿ ಹೊಲಿದದ್ದು. ಅದನ್ನು ಮಡಚಿ ಎರಡು ಅಂಚು ಹೊಲಿದರೆ ಚೀಲವಾಗುತ್ತದೆ. ಸರಪಳಿಯ ಎಣ್ಣೆ ಮೆತ್ತಿಕೊಳ್ಳುತ್ತದೆ, ದೇವರೇ.

ಒಂದು ಮೂಲೆ ಮಾತ್ರ ಖಾಲಿ ಇದೆ. ಅವಳ ಸಾವಿನಲ್ಲಿ ನಾನೇ ಹರಿದು ಹಂಚಿದ ನೀಲಿ ಬಟ್ಟೆಯ ಒಂದು ತುಂಡು ನನ್ನ ಜೇಬಿನಲ್ಲೇ ಉಳಿದಿದೆ. ಮೊದಲು ಅದನ್ನು ಅಲ್ಲಿ ಹಚ್ಚಬೇಕು. ಮೂರು ಸಲ ಪ್ರಯತ್ನಿಸಿದೆ, ದಾರ ಸೂಜಿಯ ಕಣ್ಣಿಗೆ ಹೋಗುತ್ತಿಲ್ಲ. ಇನ್ನು ಬರೆಯಬಾರದು, ಸೂಜಿಗೆ ಬೇಕಾದ ಬೆಳಕು ಕಿಟಕಿಯಲ್ಲಿ ಹೋಗುತ್ತಿದೆ.