ಖಾಲಿ ಗಾಡಿಗಳ ನಡುವೆ ನನ್ನ ನಡಿಗೆ

ನಾರಾಯಣಖೇಡ್
೧೮ ನವೆಂಬರ್ ೨೦೨೪, ಸೋಮವಾರ

ಪ್ರೀತಿಯ ಧನಲಕ್ಷ್ಮಿ,

ಹೇಗಿದ್ದೀ? ತಾಂಡೂರಿನ ಕಲ್ಲುಧೂಳಿಗೆ ಎದ್ದಿದ್ದ ಕೆಮ್ಮು ಇಳಿಯಿತೇ? ಆಸ್ಪತ್ರೆಗೆ ಬಂದವರಿಗೆಲ್ಲ ಔಷಧ ಕೊಡುವ ನರ್ಸಮ್ಮ ಸೊಸೆ ತಾನು ಮಾತ್ರ ಒಂದು ಲೋಟ ಕಷಾಯ ಕುಡಿಯುವುದಿಲ್ಲ ಎಂದು ಅವ್ವ ದಿನಾ ಗೊಣಗುತ್ತಾಳೆ. ಇಲ್ಲಿ ನಾವಿಬ್ಬರೂ ಕ್ಷೇಮ. ಫೋನಿನಲ್ಲಿ ಮಾತಾಡೋಣವೆಂದರೆ ಅವ್ವ ಪಕ್ಕದಲ್ಲೇ ಕಿವಿಗೊಟ್ಟು ಕೂತಿರುತ್ತಾಳೆ, ಅದಕ್ಕೇ ಈ ಕಾಗದ.

ನೀನು ಹೇಳಿದಂತೆ ದಿನವೂ ಐದಕ್ಕೆ ಏಳುತ್ತಿದ್ದೇನೆ. ನಗಬೇಡ, ಬೇಕಾದರೆ ಅವ್ವನನ್ನು ಕೇಳು. ಮೂರು ತಿಂಗಳಲ್ಲಿ ಸಕ್ಕರೆ ಇಳಿಯದಿದ್ದರೆ ದಿನಾ ಸೂಜಿಯೇ ಗತಿ ಎಂದು ಡಾಕ್ಟರು ಹೇಳಿದಾಗಲೇ ನನ್ನ ಅರ್ಧ ನಿದ್ದೆ ಹಾರಿಹೋಗಿತ್ತು. ಸೇಠ್‌ರ ಅಡತ ಅಂಗಡಿಯಲ್ಲಿ ರೈತರು ಮಾರಲು ತಂದ ತೊಗರಿಯನ್ನು ಕ್ವಿಂಟಲ್‌ಗಟ್ಟಲೆ ತೂಗುವ ಮನುಷ್ಯ ಬೆರಳುದ್ದದ ಸೂಜಿಗೆ ಹೆದರುತ್ತಾನೆಂದು ಯಾರಿಗೂ ಹೇಳಬೇಡ. ಮೊದಲ ವಾರ ಮಾಳಿಗೆಯ ಮೇಲೆ ಆಸನ ಹಾಕಿದೆ. ಬಗ್ಗಿದವನು ಹಾಗೇ ನಿಂತದ್ದನ್ನು ಕಂಡ ಅವ್ವ, ನರ ಹಿಡಿದಿದೆಯೆಂದು ಬಿಸಿ ಎಣ್ಣೆ ತಂದು ಬೆನ್ನು ತಿಕ್ಕಿದಳು. ಸುಖವಾಗಿ ನಿದ್ದೆ ಬಂತು. ಎದ್ದು ಅಂಗಡಿ ಮುಟ್ಟುವಾಗ ಹತ್ತು ಗಂಟೆಯಾಗಿತ್ತು, ಸೇಠ್ ಬೈದರು. ಆಮೇಲೆ ಆಸನ ಬಿಟ್ಟು ರಸ್ತೆಗಿಳಿದೆ.

ಈ ಊರಿನಲ್ಲಿ ನಡೆಯುವುದೇ ದೊಡ್ಡ ಕಷ್ಟ. ಪಕ್ಕದ ಮನೆಯ ಮರೆಪ್ಪ ನಸುಕಿನಲ್ಲೇ ನಾಗಲಗಿದ್ದ ಊರಿನ ಕಡೆಯ ಹೊಲಕ್ಕೆ ಹೊರಡುತ್ತಾನಲ್ಲ, ಮೊದಲ ದಿನವೇ ಬೈಕು ನಿಲ್ಲಿಸಿ, “ಯಾಕ್ ನಡಕೋತ ಹೊಂಟೀರಿ ಉಮಾಕಾಂತಣ್ಣಾ? ಗಾಡಿ ಖಾಲಿ ಅದ, ಕೂಡ್ರಿ” ಅಂದ. ಬೇಡಪ್ಪಾ, ನಡೆಯುವುದಕ್ಕೇ ಬಂದಿದ್ದೇನೆ ಎಂದೆ. ಮುಖ ಸಣ್ಣ ಮಾಡಿಕೊಂಡು ಹೋದ. ಸಂಜೆ ಅವನ ಹೆಂಡತಿ ಭೀಮಮ್ಮ ತಟ್ಟೆ ತುಂಬ ಹೋಳಿಗೆ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದಳು. “ನಮ್ಮಿಂದ ಏನ್ ತಪ್ಪಾತ್ರಿ ಅಣ್ಣಾ? ನಮ್ಮ ಗಾಡಿ ಸುದ್ದಾ ಹತ್ತಂಗಿಲ್ಲ ಅಂದ್ರಂತ” ಎಂದು ಕಣ್ಣೊರೆಸಿಕೊಂಡಳು. ಸಿಟ್ಟಿಲ್ಲವೆಂದು ತೋರಿಸಲು ಎರಡು ಹೋಳಿಗೆ ತಿನ್ನಬೇಕಾಯಿತು. ಸುಳ್ಳೇಕೆ, ಮೂರು.

ಮರುದಿನದಿಂದ ಮರೆಪ್ಪ ನಮ್ಮ ಬಾಗಿಲ ಮುಂದೆಯೇ ಹಾರ್ನ್ ಹೊಡೆಯುತ್ತಾನೆ. ನಾನೂ ಹತ್ತಿ ಕೂರುತ್ತೇನೆ. ಹೊಲದಲ್ಲಿ ಸಕ್ಕರೆ ಸುರಿದ ಚಹಾ ಕುಡಿಸಿ, “ನಿಮ್ಮ ವಾಕಿಂಗ್ ಆತು ನೋಡ್ರಿ” ಅನ್ನುತ್ತಾನೆ. ವಾಪಸಾದರೂ ನಡೆದು ಬರೋಣವೆಂದರೆ ಹಾಲಿನವರದು, ಮೇಷ್ಟರದು, ಎಲ್ಲರ ಗಾಡಿಯೂ ಖಾಲಿಯೇ. ಒಬ್ಬರ ಗಾಡಿ ಹತ್ತಿ ಇನ್ನೊಬ್ಬರದು ಬಿಟ್ಟರೆ ಅದು ಬೇರೆ ಜಗಳ. ಎರಡೂವರೆ ತಿಂಗಳಿಂದ ನಸುಕಿನಲ್ಲೆದ್ದು ಊರವರ ಬೈಕಿನ ಮೇಲೆ ಗಾಳಿ ಕುಡಿಯುತ್ತಿದ್ದೇನೆ. ಅಂಗಡಿಯ ತೂಕದ ಕಾಟಾದ ಮೇಲೆ ನಿಂತರೆ ಎರಡು ಕಿಲೋ ಜಾಸ್ತಿ ತೋರಿಸಿತು. ಕಾಟಾ ಸರಿಯಿಲ್ಲ ಅನ್ನೋಣವೆಂದರೆ ಅದನ್ನು ನೋಡಿಕೊಳ್ಳುವವನೇ ನಾನು. ನಾಡಿದ್ದು ರಕ್ತ ಪರೀಕ್ಷೆಯಿದೆ. ಎಲ್ಲ ಸರಿಹೋಗುತ್ತದೆ, ನೀನು ಚಿಂತೆ ಮಾಡಬೇಡ.

ಅವ್ವ ಆಶೀರ್ವಾದ ತಿಳಿಸಲು ಹೇಳಿದ್ದಾಳೆ. ಡ್ಯೂಟಿ ಡ್ಯೂಟಿ ಎಂದು ಊಟ ಬಿಡಬೇಡ.

ನಿನ್ನ
ಉಮಾಕಾಂತ

ತಾ.ಕ.: ಮೇಲೆ ಸುಳ್ಳು ಬರೆದೆ. ಪರೀಕ್ಷೆ ನಾಡಿದ್ದಲ್ಲ, ಮೊನ್ನೆ ಶನಿವಾರವೇ ಆಗಿಹೋಯಿತು. ಸಕ್ಕರೆ ಇಳಿದಿಲ್ಲ, ಏರಿದೆ. ಸೂಜಿ ಶುರುಮಾಡುವ ಮೊದಲು ಡಾಕ್ಟರು ಕೊನೆಯದಾಗಿ ಒಂದು ತಿಂಗಳು ಕೊಟ್ಟಿದ್ದಾರೆ. ಅವ್ವನಿಗೆ ಹೇಳಿಲ್ಲ. ನನಗೆ ಬಹಳ ಹೆದರಿಕೆಯಾಗಿದೆ ಧನೂ. ಹದಿನೈದು ದಿನವಾದರೂ ರಜೆ ಹಾಕಿ ಬಾ. ನೀನು ಬೈಯುತ್ತಾ, ನಾನು ಬೈಸಿಕೊಳ್ಳುತ್ತಾ ಇಬ್ಬರೂ ರಸ್ತೆಯಲ್ಲಿ ನಡೆದರೆ, ಮರೆಪ್ಪನೂ ಗಾಡಿ ನಿಲ್ಲಿಸುವ ಧೈರ್ಯ ಮಾಡುವುದಿಲ್ಲ.