ನಿಮ್ಮ ಮುದ್ರೆ, ನನ್ನ ಕೈ

ಮಾತ್ಸುಮೊತೊ
ಜೂನ್ 19, 2014, ಗುರುವಾರ

ಪ್ರೀತಿಯ ಕಿನುಯೊ ಚಿಕ್ಕಮ್ಮನಿಗೆ,

ಮಿಸೊ ಕಾರ್ಖಾನೆಯಲ್ಲಿ ನೀವು ತಲೆ ತಗ್ಗಿಸಿ ಕ್ಷಮಾಪಣೆ ಪತ್ರ ಬರೆದುಕೊಡುವಂತಾದದ್ದು ನನ್ನಿಂದ. ಮಳೆ ಹಿಡಿದಿದೆ, ಮೊಣಕೈ ನೋವು ಹೇಗಿದೆ ಎಂದು ಕೇಳಿ ಆರಂಭಿಸಬೇಕಿತ್ತು. ಕೇಳುವ ಮುಖ ನನಗಿಲ್ಲ. ಸುದ್ದಿ ತಿಳಿದು ಹತ್ತು ದಿನವಾಯಿತು. ಬರೆದು ಹರಿದ ಕಾಗದಗಳೇ ಹೆಚ್ಚು. ತಡವನ್ನೂ ಕ್ಷಮಿಸಿ.

ಪಕ್ಕದ ಮನೆಯ ಯೋನೆಕೊ ಅವರು ಫೋನ್ ಮಾಡಿದ್ದರು. "ನಿನ್ ಚಿಕ್ಕಮ್ಮ ಕಾಗದದ ಹುರಿಯ ಪೆಟ್ಟಿಗೇನ ತಂದು ನಮ್ಮನೇಲಿ ಇಟ್ಟು ಹೋದ್ಲಪ್ಪ. ಇನ್ನು ಗಂಟು ಕಟ್ಟಲ್ವಂತೆ. ನೀನೇನೋ ತೆರಿಗೆ ಪಂಡಿತ ಅಲ್ವಾ, ಇದೇನಾಯ್ತು ಹೇಳು" ಎಂದರು. ಮದುವೆಯ ಉಡುಗೊರೆ ಲಕೋಟೆಗಳ ಅಂಗಡಿಗೆ ನೀವು ಮನೆಯಲ್ಲೇ ಕೂತು ಕೂಲಿಗೆ ಕಟ್ಟಿಕೊಡುತ್ತಿದ್ದ ಆ ಕೊಕ್ಕರೆ ಆಕಾರದ ಗಂಟುಗಳು ನೆನಪಾದವು.

ನಿಮ್ಮ ಜೊತೆಗೇ ಸೋಯಾ ಕಾಳಿನ ಮಿಸೊವನ್ನು ಡಬ್ಬಿಗೆ ತುಂಬುವ ಅವರು ಎಲ್ಲವನ್ನೂ ಹೇಳಿದರು. ಊರ ಕಚೇರಿಯಿಂದ ಎಲ್ಲರ ಊರ ತೆರಿಗೆಯ ಚೀಟಿಗಳು ಕಾರ್ಖಾನೆಗೆ ಬಂದವಂತೆ. ಸಂಬಳ ಒಂದೇ, ನಿಮ್ಮ ಚೀಟಿಯಲ್ಲಿ ಮಾತ್ರ ಮೊತ್ತ ಹೆಚ್ಚು. ಮೇಲ್ವಿಚಾರಕ ಮಿಯಾಶಿತ ಎಲ್ಲರೆದುರೇ ಕೇಳಿದರಂತೆ: "ಕಿನುಯೊ ಸಾನ್, ಹೊರಗಡೆ ದುಡೀಬಾರ್ದು ಅಂತ ನಿಯಮ ಇದೆ, ಗೊತ್ತಲ್ವಾ? ಮೊದ್ಲೇ ಬಂದು ಕೇಳಿದ್ರೆ ಬೇಡ ಅಂತಿದ್ನಾ? ಇಪ್ಪತ್ತೆರಡು ವರ್ಷ ಆದ್ಮೇಲೆ ಹೀಗೆ ಕದ್ದುಮುಚ್ಚಿ ಮಾಡೋದಾ?" ನೀವು ನನ್ನ ಹೆಸರನ್ನೇ ಎತ್ತಲಿಲ್ಲವಂತೆ.

ಫೆಬ್ರವರಿಯ ಆ ಭಾನುವಾರ ನೆನಪಿದೆಯೇ? ಚೀಲದ ತುಂಬ ತೆರಿಗೆಯ ಕರಪತ್ರ ಹೊತ್ತು ಬಂದಿದ್ದೆ.

"ವರ್ಷಕ್ಕೆ ಎರಡು ಲಕ್ಷ ಯೆನ್ ದಾಟದಿದ್ರೆ ಏನೂ ಹೇಳ್ಬೇಕಿಲ್ಲ ಅಂತ ಅಂಗಡಿಯವ್ರು ಅಂದಿದ್ದಾರೆ ಕಣೋ" ಎಂದಿರಿ.

"ಅದು ದೇಶದ ತೆರಿಗೆಗೆ, ಚಿಕ್ಕಮ್ಮ. ಊರ ತೆರಿಗೆಗೆ ಒಂದು ಯೆನ್ ಲಾಭ ಬಂದ್ರೂ ತಿಳಿಸ್ಬೇಕು. ರಸ್ತೆ ಮೇಲಿನ ಹಿಮ ಯಾರ ದುಡ್ಡಲ್ಲಿ ತೆಗೀತಾರೆ ಅಂದ್ಕೊಂಡ್ರಿ?"

"ಈ ಭಾಷಣಕ್ಕೆ ಬಸ್ ಹಿಡಿದು ಬಂದ್ಯಾ? ಮೊದ್ಲು ಕಿತ್ತಳೆ ತಿನ್ನು." ಕಿತ್ತಳೆಯ ಜೊತೆಗೇ, ಸಹಿಯ ಬದಲು ಒತ್ತುವ ನಿಮ್ಮ ಹೆಸರಿನ ಮುದ್ರೆಯನ್ನೂ ನನ್ನ ಕಡೆಗೆ ತಳ್ಳಿದಿರಿ. "ನಿಂಗೆ ತಿಳಿದ ಹಾಗೆ ಅರ್ಜಿ ತುಂಬಿ ಒತ್ತು. ಕನ್ನಡಕ ಹುಡುಕೋಕೆ ನಂಗಾಗಲ್ಲ."

ತೆರಿಗೆ ಕೊಡಬೇಕಾದದ್ದೇ. ಇಂದಿಗೂ ಹಾಗೆಯೇ ಹೇಳುತ್ತೇನೆ. ಆದರೆ ಅರ್ಜಿಯ ಕೊನೆಯಲ್ಲಿ ಒಂದು ಪುಟ್ಟ ಚೌಕವಿತ್ತು: ಹೊರಗಿನ ಆದಾಯದ ತೆರಿಗೆಯನ್ನು ನಾನೇ ಕಟ್ಟುತ್ತೇನೆ ಎಂದು. ಅಲ್ಲಿ ಗುರುತು ಹಾಕಿದರೆ ಆ ಚೀಟಿ ಮನೆಗೆ ಬರುತ್ತದೆ. ಹಾಕದಿದ್ದರೆ ಸಂಬಳದ ತೆರಿಗೆಯೊಡನೆ ಸೇರಿ ಕೆಲಸದ ಜಾಗಕ್ಕೆ ಹೋಗುತ್ತದೆ. ನಿಮ್ಮ ಅರ್ಜಿಯಲ್ಲಿ ಗುರುತು ಬಿದ್ದಿರಲಿಲ್ಲ.

ಗಂಟು ಕಟ್ಟಲು ಕಾರ್ಖಾನೆಯ ಅನುಮತಿ ಕೋರುವ ಪತ್ರವೊಂದನ್ನು ಬರೆದು ಇದರೊಡನೆ ಇಟ್ಟಿದ್ದೇನೆ. ಈ ಸಲ ನೀವು ಕನ್ನಡಕ ಹಾಕಿ ಪೂರ್ತಿ ಓದಿ. ಬೇಡವೆನಿಸಿದರೆ ಹರಿದುಬಿಡಿ. ಮುದ್ರೆಯನ್ನು ಮಾತ್ರ ನನ್ನ ಕೈಗೆ ಕೊಡಬೇಡಿ.

ನಿಮ್ಮ ಬೆರಳುಗಳು ಚೆನ್ನಾಗಿರಲಿ. ಆ ಪೆಟ್ಟಿಗೆ ಬೇಗ ನಿಮ್ಮ ಮನೆಗೆ ಮರಳಲಿ.

ನೀವು ಸಾಕಿದ
ರಿಕಿಯ

ಮರೆತದ್ದಲ್ಲ: ಗುರುತು ಬಿದ್ದಿರಲಿಲ್ಲ ಎಂದು ಬರೆದೆ, ಕೈತಪ್ಪಿ ಬಿಟ್ಟುಹೋಯಿತೆಂದು ನೀವು ತಿಳಿಯಲಿ ಎಂದು. ಚೌಕವನ್ನು ನೋಡಿದ್ದೆ. ಪ್ರಾಮಾಣಿಕರು ಧಣಿಯಿಂದ ಏಕೆ ಮುಚ್ಚಿಡಬೇಕು ಎಂದುಕೊಂಡು, ನಿಮ್ಮನ್ನೊಂದು ಮಾತೂ ಕೇಳದೆ ಬಿಟ್ಟೆ. ಅದರ ಮುಂದಿನ ವಾರ, ಸಂಜೆ ಪಾಠ ಹೇಳಿ ಗಳಿಸಿದ್ದಕ್ಕೆ ನನ್ನ ಅರ್ಜಿ ತುಂಬಿದೆ. ನಾನು ಕೆಲಸ ಮಾಡುವ ಮುದ್ರಣಾಲಯದಲ್ಲೂ ಅದೇ ನಿಯಮ. ನನ್ನ ಚೌಕಕ್ಕೆ ಗುರುತು ಹಾಕಿದೆ. ನಮ್ಮ ಧಣಿಗೆ ಇನ್ನೂ ಏನೂ ಗೊತ್ತಿಲ್ಲ. ನಾಳೆ ಬೆಳಿಗ್ಗೆ ನಾನೇ ಹೇಳುತ್ತೇನೆ. ಆಮೇಲೆ ನಿಮ್ಮ ಮುಂದೆ ನಿಲ್ಲಬೇಕು: 23ನೇ ತಾರೀಖು ಸೋಮವಾರ, ಬೆಳಿಗ್ಗೆ ಏಳೂವರೆ, ಕಾರ್ಖಾನೆಯಲ್ಲಿ ನೀವು ಸೈಕಲ್ ನಿಲ್ಲಿಸುವ ಜಾಗ.